ಓದುಗರ ಪ್ರಶ್ನೆ, ನಮ್ಮ ಉತ್ತರ: ಉಪಕರಣಗಳು ಪರಸ್ಪರ ಪರಿಚಯ ಬೆಳೆಸಿಕೊಂಡಾಗ

ಪ್ರಶ್ನೆ: ನಮ್ಮದು ಮೂಡಿಗೆರೆಯ ಬಳಿ ರೊಬಸ್ಟಾ ಕಾಫಿ ತೋಟ. ಮಳೆಯ ಪ್ರಮಾಣವನ್ನು ತಾನೇ ಅಳೆದು ಮೊಬೈಲಿಗೆ ಕಳುಹಿಸುವ ಮಳೆಮಾಪಕವನ್ನೂ ಮಣ್ಣಿನ ತೇವ ತಿಳಿಸುವ ಸೆನ್ಸರ್‌ಗಳನ್ನೂ ಹಾಕಿಸಿದ್ದೇವೆ. ಕೆರೆಯ ಪಂಪಿಗೆ ಮೊಬೈಲ್ ಸ್ಟಾರ್ಟರ್ ಮೊದಲಿನಿಂದಲೂ ಇದೆ. ಹೊಸ ಮಾದರಿಯ ಉಪಕರಣಗಳು ಅಕ್ಕಪಕ್ಕದ ತೋಟಗಳ ಉಪಕರಣಗಳೊಡನೆ ತಾವಾಗಿಯೇ ಸ್ನೇಹ ಬೆಳೆಸಿ ಮಾಹಿತಿ ಹಂಚಿಕೊಳ್ಳುತ್ತವೆ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಇದು ನಿಜವೇ? ನಿಜವಾದರೆ ಬೆಳೆಗಾರರಿಗೆ ಇದರಿಂದ ಪ್ರಯೋಜನವೇನು?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಅವರ ಮಾತಿಗೆ ಆಧಾರವಿದೆ. ಆದರೆ ಸಂಶೋಧಕರು ರೂಪಿಸಿರುವುದಕ್ಕೂ ಅಂಗಡಿಯಲ್ಲಿ ಸಿಗುವುದಕ್ಕೂ ಇನ್ನೂ ಸಾಕಷ್ಟು ಅಂತರವಿರುವುದರಿಂದ ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ವಸ್ತುಗಳನ್ನು ಅಂತರ್ಜಾಲಕ್ಕೆ ಜೋಡಿಸುವ ವ್ಯವಸ್ಥೆಗೆ ಕೆವಿನ್ ಆಶ್ಟನ್ 1999ರಲ್ಲಿ ಇಂಟರ್ನೆಟ್ ಆಫ್ ಥಿಂಗ್ಸ್ ಎಂಬ ಹೆಸರು ಕೊಟ್ಟರು. ಎರಡು ಪುಟ್ಟ ಉಪಕರಣಗಳನ್ನು ಒಟ್ಟಿಗೆ ಹಿಡಿದು ಕುಲುಕಿದರೆ, ಎರಡರದೂ ಒಂದೇ ಬಗೆಯ ಚಲನೆ ಎಂಬುದನ್ನು ಗುರುತಿಸಿ ಅವು ಪರಸ್ಪರ ಸಂಪರ್ಕ ಬೆಸೆದುಕೊಳ್ಳುವ ಪ್ರಯೋಗವನ್ನು ಯುರೋಪಿನ ಸಂಶೋಧಕರು 2001ರಲ್ಲಿಯೇ ಮಾಡಿ ತೋರಿಸಿದ್ದರು. ಈ ಆಲೋಚನೆಗೆ ಕ್ರಮಬದ್ಧವಾದ ಚೌಕಟ್ಟು ಒದಗಿಸಿದವರು ಇಟಲಿಯ ಲುಯಿಜಿ ಅಟ್ಸೋರಿ, ಆಂಟೋನಿಯೊ ಇಯೆರಾ ಮತ್ತು ಜಾಕೊಮೊ ಮೊರಾಬಿಟೊ. 2011 ಮತ್ತು 2012ರಲ್ಲಿ ಪ್ರಕಟವಾದ ಅವರ ಪ್ರಬಂಧಗಳ ಮುಖ್ಯ ವಾದವಿದು: ಉಪಕರಣಗಳ ಸಂಖ್ಯೆ ಕೋಟಿಗಳನ್ನು ಮೀರಿದಾಗ, ಬೇಕಾದ ಮಾಹಿತಿ ಯಾವುದರ ಬಳಿ ಇದೆ, ಆ ಮಾಹಿತಿಯನ್ನು ನಂಬಬಹುದೇ ಎಂಬುದನ್ನು ಒಂದೇ ಕೇಂದ್ರದಿಂದ ಪತ್ತೆ ಮಾಡುವುದು ಕಷ್ಟವಾಗುತ್ತದೆ, ಅದರ ಬದಲು ಪ್ರತಿ ಉಪಕರಣವೂ ತನ್ನದೇ ಪರಿಚಯಸ್ಥರ ಬಳಗವನ್ನು ಇಟ್ಟುಕೊಂಡು, ಅವರ ಮೂಲಕ ವಿಚಾರಿಸುತ್ತಾ ಹೋದರೆ ಕೆಲಸ ಹಗುರವಾಗುತ್ತದೆ.

ಅವರು ಐದು ಬಗೆಯ ಸಂಬಂಧಗಳನ್ನು ಹೇಳುತ್ತಾರೆ. ಒಂದೇ ಕಂಪನಿಯಲ್ಲಿ ಒಂದೇ ಕಾಲದಲ್ಲಿ ತಯಾರಾದ ಉಪಕರಣಗಳ ನಡುವಿನ ಒಡಹುಟ್ಟಿನ ಸಂಬಂಧ ಮೊದಲನೆಯದು. ನಿಮ್ಮ ತೇವಮಾಪಕ ಒಂದು ಋತುವಿನಲ್ಲಿ ತಪ್ಪು ಲೆಕ್ಕ ತೋರಿಸತೊಡಗಿದರೆ, ಅದೇ ಬ್ಯಾಚಿನಲ್ಲಿ ತಯಾರಾಗಿ ಮತ್ತೊಬ್ಬರ ತೋಟದಲ್ಲಿರುವ ಮಾಪಕಕ್ಕೂ ಅದೇ ದೋಷ ಬಂದಿತ್ತೇ, ಅದನ್ನು ಹೇಗೆ ಸರಿಪಡಿಸಲಾಯಿತು ಎಂಬುದನ್ನು ಈ ಸಂಬಂಧದ ಮೂಲಕ ಕೇಳಿ ತಿಳಿಯಬಹುದು. ಒಂದೇ ಜಾಗದಲ್ಲಿ ಬಹುಕಾಲ ಇರುವ ಉಪಕರಣಗಳದ್ದು ಎರಡನೆಯ ಸಂಬಂಧ. ತೇವಮಾಪಕ ಮತ್ತು ಪಂಪ್ ಸ್ಟಾರ್ಟರ್‌ಗಳಂತೆ ಒಂದೇ ಕೆಲಸಕ್ಕೆ ಕೈಜೋಡಿಸುವವುಗಳದ್ದು ಮೂರನೆಯದು. ಒಬ್ಬರೇ ಮಾಲೀಕರಿಗೆ ಸೇರಿದವುಗಳದ್ದು ನಾಲ್ಕನೆಯದು. ಐದನೆಯದು ಮಾಲೀಕರ ಭೇಟಿಯಿಂದ ಹುಟ್ಟುತ್ತದೆ. ನಿಮ್ಮ ಜೀಪೂ ನೆರೆಯವರ ಜೀಪೂ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಅಂಗಳದಲ್ಲಿ ಪದೇಪದೇ ಅಕ್ಕಪಕ್ಕ ನಿಂತರೆ, ಅವುಗಳಲ್ಲಿರುವ ಉಪಕರಣಗಳು ಆ ಭೇಟಿಗಳನ್ನು ಗಮನಿಸಿ ಸಂಬಂಧ ಬೆಳೆಸಿಕೊಳ್ಳುತ್ತವೆ. ಯಾವ ಬಗೆಯ ಸಂಬಂಧಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂಬ ನಿಯಮಗಳನ್ನು ಮಾಲೀಕರು ಮೊದಲೇ ನಿಗದಿಪಡಿಸುತ್ತಾರೆ ಎಂಬುದು ಈ ಚೌಕಟ್ಟಿನ ಅವಿಭಾಜ್ಯ ಅಂಗ. ಮಾರಾಟದ ಮಾತಿನಲ್ಲಿ ಬಿಟ್ಟುಹೋಗುವುದು ಬಹುಮಟ್ಟಿಗೆ ಇದೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಪ್ರಯೋಜನದ ಬಗ್ಗೆ ಹೇಳುವುದಾದರೆ, ಮಲೆನಾಡಿನ ಬೆಳೆಗಾರರಿಗೆ ಮಳೆಯ ಲೆಕ್ಕಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೂಮಳೆಯ ಕಾಲದಲ್ಲಿ ಸಂಜೆಯಾದೊಡನೆ ತೋಟದಿಂದ ತೋಟಕ್ಕೆ ಫೋನ್ ಮಾಡಿ, ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೆಯ ಒಂದು ಭಾಗ) ಬಿತ್ತು ಎಂದು ವಿಚಾರಿಸುವುದು ಇಲ್ಲಿನ ರೂಢಿ. ಒಂದು ಗುಡ್ಡದ ಈಚೆ ಒಂದು ಇಂಚು ಸುರಿದರೆ ಆಚೆ ಹತ್ತು ಸೆಂಟ್ಸೂ ಬೀಳದಿರುವುದುಂಟು. ರೊಬಸ್ಟಾಕ್ಕೆ ಬಿದ್ದ ಮಳೆ ಸಾಲದಾದಾಗ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಆಗ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕಾಗುತ್ತದೆ. ಹೂ ಅರಳಿದ ಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆಯೂ ಬೇಕು. ಕೆರೆಯ ನೀರು, ಡೀಸೆಲ್ಲು, ಆಳುಗಳ ಕೂಲಿ ಎಲ್ಲವೂ ಈ ಒಂದೆರಡು ದಿನಗಳ ನಿರ್ಧಾರವನ್ನು ಅವಲಂಬಿಸಿರುವಾಗ, ಸುತ್ತಲಿನ ಹತ್ತಾರು ತೋಟಗಳ ಮಳೆಮಾಪಕಗಳು ತಮ್ಮ ಅಳತೆಗಳನ್ನು ಗಂಟೆಗಂಟೆಗೂ ವಿನಿಮಯ ಮಾಡಿಕೊಂಡು, ಮೋಡ ಯಾವ ದಿಕ್ಕಿನಿಂದ ಸುರಿಯುತ್ತಾ ಬರುತ್ತಿದೆ ಎಂಬುದನ್ನು ನಿಮಗೆ ತಿಳಿಸುವುದಾದರೆ ಅದು ನಿಜವಾದ ಉಪಕಾರ. ಜೊತೆಗೆ, ಸುತ್ತಲಿನವೆಲ್ಲ ಮಳೆ ದಾಖಲಿಸುತ್ತಿರುವಾಗ ನಿಮ್ಮದೊಂದೇ ಸೊನ್ನೆ ತೋರಿಸುತ್ತಿದ್ದರೆ, ಅದರ ಆಲಿಕೆಯಲ್ಲಿ ಎಲೆ ಕಟ್ಟಿಕೊಂಡಿರಬಹುದು ಎಂಬ ಅನುಮಾನವೂ ತಾನಾಗಿಯೇ ಹುಟ್ಟುತ್ತದೆ.

ಆದರೆ ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಉಪಕರಣಗಳು ಪರಸ್ಪರ ಮಾತನಾಡುವುದಿಲ್ಲ. ನಿಮ್ಮ ಮಾಪಕ ಕಂಪನಿಯ ಸರ್ವರಿಗೆ ವರದಿ ಮಾಡುತ್ತದೆ, ನೆರೆಯವರದ್ದೂ ಅದೇ ಸರ್ವರಿಗೆ ವರದಿ ಮಾಡುತ್ತದೆ, ಎರಡನ್ನೂ ಸೇರಿಸಿ ತೋರಿಸುವುದು ಕಂಪನಿ. ಬೇರೆ ಕಂಪನಿಯ ಮಾಪಕ ಹಾಕಿಸಿದವರು ಈ ಬಳಗದಿಂದ ಹೊರಗೇ ಉಳಿಯುತ್ತಾರೆ. ಆದ್ದರಿಂದ ಖರೀದಿಗೆ ಮುನ್ನ, ಅಳತೆಗಳು ಎಲ್ಲಿ ಸಂಗ್ರಹವಾಗುತ್ತವೆ, ಕಂಪನಿಯ ಸೇವೆ ನಿಂತರೆ ಉಪಕರಣ ಕೆಲಸ ಮಾಡುತ್ತದೆಯೇ, ಬೇರೆ ಕಂಪನಿಯವುಗಳೊಡನೆ ಹೊಂದಿಕೊಳ್ಳುತ್ತದೆಯೇ, ಹಂಚಿಕೆಯನ್ನು ನೀವೇ ನಿಲ್ಲಿಸಬಹುದೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಇನ್ನೊಂದು ಮಾತನ್ನು ನಾವು ಖಚಿತವಾಗಿ ಹೇಳುತ್ತೇವೆ: ಮಳೆಯ ಅಳತೆಯನ್ನು ಧಾರಾಳವಾಗಿ ಹಂಚಿಕೊಳ್ಳಿ, ಆದರೆ ಪಂಪನ್ನು ಚಾಲೂ ಮಾಡುವ ಅಧಿಕಾರವನ್ನು ನಿಮ್ಮ ತೋಟದ ಹೊರಗಿನ ಯಾವ ಉಪಕರಣಕ್ಕೂ ಕೊಡಬೇಡಿ. ಹೊರಗಿನಿಂದ ಬರುವ ಮಾಹಿತಿ ನಿಮ್ಮ ಮೊಬೈಲಿಗೆ ಸಲಹೆಯಾಗಿ ಬರಲಿ, ಸ್ಟಾರ್ಟರಿಗೆ ಆಜ್ಞೆಯಾಗಿ ಹೋಗುವುದು ಬೇಡ.

ಪ್ರಶ್ನೆ: ಒಂದು ಉಪಕರಣ ಮತ್ತೊಂದನ್ನು ನಂಬಬೇಕೋ ಬೇಡವೋ ಎಂದು ಹೇಗೆ ತೀರ್ಮಾನಿಸುತ್ತದೆ? ಹೆಚ್ಚು ಸ್ನೇಹಿತರಿದ್ದಷ್ಟೂ ಜಾಲ ಉತ್ತಮವಾಗುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸೋಣ. ಪ್ರತಿ ಸ್ನೇಹಕ್ಕೂ ನೆನಪಿನ ಜಾಗ ಬೇಕು, ಬ್ಯಾಟರಿ ವ್ಯಯವಾಗುತ್ತದೆ. ಆದ್ದರಿಂದ ಪುಟ್ಟ ಉಪಕರಣಗಳಲ್ಲಿ ಸ್ನೇಹಿತರ ಸಂಖ್ಯೆಗೆ ಮಿತಿ ಹಾಕುವುದು ಅನಿವಾರ್ಯ. ಮಿತಿಯೊಳಗೆ ಯಾರನ್ನು ಉಳಿಸಿಕೊಳ್ಳಬೇಕು ಎಂಬುದು ಎಷ್ಟು ಜನರಿದ್ದಾರೆ ಎಂಬುದಕ್ಕಿಂತ ಮುಖ್ಯ. ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಮ್ 1967ರಲ್ಲಿ ವಿವರಿಸಿದ, ದೂರದ ಅಪರಿಚಿತರಿಗೆ ಪರಿಚಯಸ್ಥರ ಕೈಯಿಂದ ಕೈಗೆ ಪತ್ರ ತಲುಪಿಸುವ ಪ್ರಯೋಗದಲ್ಲಿ, ಗುರಿ ಮುಟ್ಟಿದ ಪತ್ರಗಳು ಸರಾಸರಿ ಐದಾರು ಕೈಗಳನ್ನಷ್ಟೇ ದಾಟಿದ್ದವು. ವಾಟ್ಸ್ ಮತ್ತು ಸ್ಟ್ರೊಗಾಟ್ಜ್ 1998ರಲ್ಲಿ ಇದರ ಹಿಂದಿನ ಗಣಿತವನ್ನು ತೋರಿಸಿದರು: ಬಹುತೇಕ ಸಂಬಂಧಗಳು ಹತ್ತಿರದವೇ ಆಗಿದ್ದರೂ ಕೆಲವೇ ಕೆಲವು ದೂರದ ಸಂಬಂಧಗಳಿದ್ದರೆ ಸಾಕು, ಜಾಲದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕೆಲವೇ ಹೆಜ್ಜೆಗಳ ಕಿರುದಾರಿ ಸಿಗುತ್ತದೆ. ಆ ಕಿರುದಾರಿಯನ್ನು ಕೇವಲ ಸ್ಥಳೀಯ ತಿಳಿವಳಿಕೆಯಿಂದ ಹುಡುಕಿಕೊಳ್ಳಲು ದೂರದ ಸಂಬಂಧಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಹರಡಿರಬೇಕು ಎಂದು ಜಾನ್ ಕ್ಲೈನ್‌ಬರ್ಗ್ 2000ದಲ್ಲಿ ತೋರಿಸಿಕೊಟ್ಟರು. ಉದಾಹರಣೆಗೆ, ಹಾಸನದ ಒಂದು ಹಾಲಿನ ಡೈರಿಯ ಶೀತಲ ಘಟಕದಲ್ಲಿರುವ ಉಷ್ಣತಾ ಸೆನ್ಸರಿಗೆ ಅದೇ ಕೋಣೆಯ ಹತ್ತು ಸೆನ್ಸರ್‌ಗಳ ಸ್ನೇಹಕ್ಕಿಂತ, ಕೋಣೆಯ ಎರಡು ಮತ್ತು ಅರಕಲಗೂಡಿನ ಡೈರಿಯಲ್ಲಿರುವ ಒಂದರ ಸ್ನೇಹ ಹೆಚ್ಚು ಉಪಯುಕ್ತ.

ನಂಬಿಕೆಯ ವಿಚಾರದಲ್ಲಿ ಮಿಕೆಲೆ ನಿಟ್ಟಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವು ಓದಬೇಕು. ಅದರಲ್ಲಿ ಎರಡು ಮಾದರಿಗಳಿವೆ. ಮೊದಲನೆಯದರಲ್ಲಿ ಪ್ರತಿ ಉಪಕರಣವೂ ತನ್ನ ಸ್ವಂತ ಅನುಭವವನ್ನೂ ತನ್ನ ಸ್ನೇಹಿತರ ಅಭಿಪ್ರಾಯವನ್ನೂ ಕೂಡಿಸಿ ನಂಬಿಕೆಯ ಅಂಕವನ್ನು ತಾನೇ ಲೆಕ್ಕ ಹಾಕುತ್ತದೆ. ಎರಡನೆಯದರಲ್ಲಿ ಎಲ್ಲರ ಅನುಭವಗಳೂ ಜಾಲದಲ್ಲಿ ಹಂಚಿಟ್ಟ ಸಾಮಾನ್ಯ ದಾಖಲೆಯಲ್ಲಿ ಸೇರಿ, ಒಂದು ಉಪಕರಣಕ್ಕೆ ಎಲ್ಲೆಡೆಯೂ ಒಂದೇ ಅಂಕ ಇರುತ್ತದೆ. ಸಂಬಂಧ ಯಾವ ಬಗೆಯದು ಎಂಬುದಕ್ಕೂ ಅಲ್ಲಿ ತೂಕವಿದೆ. ಉಪಕರಣದ ಬುದ್ಧಿಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮಗೆ ಬಹಳ ಸೂಕ್ಷ್ಮವಾದ ಆಲೋಚನೆಯಾಗಿ ಕಂಡಿತು: ಕೇವಲ ಗುರುತಿನ ಸಂಖ್ಯೆ ಹೇಳಬಲ್ಲ ಒಂದು ಎಲೆಕ್ಟ್ರಾನಿಕ್ ಚೀಟಿಗಿಂತ ಸ್ಮಾರ್ಟ್‌ಫೋನಿಗೆ ವಂಚಿಸುವ ಸಾಮರ್ಥ್ಯ ಹೆಚ್ಚು, ಆದ್ದರಿಂದ ಅದರ ವಿಷಯದಲ್ಲಿ ಎಚ್ಚರವೂ ಹೆಚ್ಚಿರಬೇಕು. ಬಹುಕಾಲ ಸರಿಯಾಗಿ ನಡೆದುಕೊಂಡು ಒಂದು ದಿನ ಮಾತ್ರ ಸುಳ್ಳು ಹೇಳುವ ಉಪಕರಣವನ್ನು ಹಿಡಿಯುವುದು ಹೇಗೆ, ಹಲವು ಉಪಕರಣಗಳು ಸೇರಿ ಪರಸ್ಪರ ಒಳ್ಳೆಯ ಅಂಕ ಕೊಟ್ಟುಕೊಳ್ಳುವುದನ್ನು ತಡೆಯುವುದು ಹೇಗೆ ಎಂಬುವು ಕಠಿಣ ಪ್ರಶ್ನೆಗಳು. ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಅನುಕರಣೆ ಮಾಡಿ ಪರೀಕ್ಷಿಸಲು ದುಬಾರಿ ಸಾಮಗ್ರಿಯೇನೂ ಬೇಕಾಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮಗ ಕ್ಯಾಮೆರಾ, ಟಿ.ವಿ., ಮಾತಿಗೆ ಉರಿಯುವ ಬಲ್ಬು ಎಲ್ಲವನ್ನೂ ವೈಫೈಗೆ ಜೋಡಿಸಿದ್ದಾನೆ. ಇವು ತಮ್ಮತಮ್ಮಲ್ಲೇ ಮಾತನಾಡಿಕೊಂಡು ನಮ್ಮ ಮನೆಯ ವಿಷಯವನ್ನು ಹೊರಗೆ ಹೇಳುತ್ತವೆಯೇ ಎಂಬ ಆತಂಕ ನನಗಿದೆ. ಇದು ಅತಿಯಾಯಿತೇ?
– ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಅತಿಯಾಗಿಲ್ಲ, ಮೇಡಂ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತು. ಹಾಗೆ ವಶವಾದ ಉಪಕರಣಗಳನ್ನೆಲ್ಲ ಬಳಸಿ ಅದೇ ವರ್ಷ ಅಕ್ಟೋಬರ್ 21ರಂದು ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ದೊಡ್ಡ ತಾಣಗಳೂ ಅಮೆರಿಕದ ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾಗಳ ಮಾಲೀಕರಿಗೆ ತಮ್ಮ ಉಪಕರಣ ಇಂತಹ ಕೆಲಸದಲ್ಲಿ ತೊಡಗಿದೆ ಎಂಬ ಸುಳಿವೂ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ಉಪಕರಣಗಳ ಪರಿಚಯದ ಪಟ್ಟಿ ಬಹುಮಟ್ಟಿಗೆ ಅವುಗಳ ಮಾಲೀಕರ ಪರಿಚಯದ ಪಟ್ಟಿಯೇ ಆಗಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸೇತು ತಂತ್ರಾಂಶವನ್ನು ನೀವೂ ಬಳಸಿರಬಹುದು. ಹತ್ತಿರ ಬಂದ ಎರಡು ಫೋನುಗಳು ಬ್ಲೂಟೂತ್ ಮೂಲಕ ಪರಸ್ಪರ ಗುರುತನ್ನು ದಾಖಲಿಸಿಕೊಳ್ಳುವುದೇ ಅದರ ಮೂಲ ತತ್ವವಾಗಿತ್ತು. ಸಾಂಕ್ರಾಮಿಕದ ಕಾಲದಲ್ಲಿ ಅದಕ್ಕೊಂದು ಉದ್ದೇಶವಿತ್ತು, ಜನರಿಗೂ ಅದು ತಿಳಿದಿತ್ತು. ಆದರೆ ಯಾರು ಯಾರ ಮನೆಗೆ ಬಂದರು, ಎಷ್ಟು ಹೊತ್ತು ಇದ್ದರು ಎಂಬ ವಿವರ ಯಾರ ಗಮನಕ್ಕೂ ಬಾರದೆ ಟಿ.ವಿ. ಅಥವಾ ಬಲ್ಬಿನ ಕಂಪನಿಯ ಬಳಿ ಸೇರುವುದಾದರೆ ಅದನ್ನು ನಾವು ಒಪ್ಪಲಾಗದು. ನಿಮ್ಮ ಮನೆಗೆ ಬರುವ ಅತಿಥಿ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿರುವುದಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯು ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು ಗುರುತಿಸಿದೆ. ಉಪಕರಣಗಳ ವಿಷಯದಲ್ಲೂ ಆ ಹಕ್ಕನ್ನು ಕೇಳಿ ಪಡೆಯುವುದು ನಮ್ಮ ಕೆಲಸ.

ಸದ್ಯಕ್ಕೆ ಮಗನ ಬಳಿ ಕುಳಿತು ಪ್ರತಿಯೊಂದರ ಪಾಸ್‌ವರ್ಡನ್ನೂ ಬದಲಿಸಿಸಿರಿ, ತಂತ್ರಾಂಶದ ಹೊಸ ಆವೃತ್ತಿಗಳನ್ನು ಹಾಕಿಸಿರಿ. ರೌಟರಿನಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ವೈಫೈ ತೆರೆಯುವ ಸೌಲಭ್ಯವಿದ್ದರೆ ಬಲ್ಬು, ಟಿ.ವಿ., ಕ್ಯಾಮೆರಾಗಳನ್ನು ಅದಕ್ಕೆ ಜೋಡಿಸಿ, ಬ್ಯಾಂಕಿನ ವ್ಯವಹಾರ ಮಾಡುವ ಫೋನನ್ನು ಮುಖ್ಯ ವೈಫೈನಲ್ಲೇ ಇಟ್ಟುಕೊಳ್ಳಿ. ಕ್ಯಾಮೆರಾ ಬಾಗಿಲ ಹೊರಗಿರಲಿ, ನಡುಮನೆಯಲ್ಲಿ ಬೇಡ.

ಪ್ರಶ್ನೆ: ಕಳಸದ ಬಳಿಯ ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೇ ಅಪರೂಪ. ಇಂತಹ ಜಾಲ ನಮ್ಮಲ್ಲಿ ಸಾಧ್ಯವೇ?
– ಅಡಿಕೆ ಬೆಳೆಗಾರರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸಾಧ್ಯವಿದೆ. ಲೋರಾ ಎಂಬ ರೇಡಿಯೊ ತಂತ್ರವು ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ಬಹುದೂರ ಕಳುಹಿಸುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಬಳಸುವ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರಕ್ಕೆ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಬೇಕಿಲ್ಲ. ಬಯಲಿನಲ್ಲಿ ಹಲವು ಕಿಲೋಮೀಟರ್ ಮುಟ್ಟುವ ಸಂಕೇತ ಗುಡ್ಡ ಮತ್ತು ದಟ್ಟ ಮರಗಳ ನಡುವೆ ಕುಗ್ಗುತ್ತದೆ ಎಂಬುದು ಗಮನದಲ್ಲಿರಲಿ. ಸಾಮಾನ್ಯವಾಗಿ ಬಳಸುವ ಲೋರಾವ್ಯಾನ್ ವ್ಯವಸ್ಥೆಯಲ್ಲಿ ಸೆನ್ಸರ್‌ಗಳು ನೇರವಾಗಿ ಪರಸ್ಪರ ಮಾತನಾಡುವುದಿಲ್ಲ. ಎಲ್ಲವೂ ಗೇಟ್‌ವೇ ಎಂಬ ಒಂದು ಕೇಂದ್ರ ಉಪಕರಣಕ್ಕೆ ಕಳುಹಿಸುತ್ತವೆ, ಸಂಬಂಧಗಳ ಲೆಕ್ಕವನ್ನು ಅದರ ಹಿಂದಿರುವ ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ. ಆದ್ದರಿಂದ ನಾಲ್ಕಾರು ಬೆಳೆಗಾರರು ಸೇರಿ, ಎಲ್ಲರ ತೋಟಕ್ಕೂ ಕಾಣುವಂತಹ ಎತ್ತರದ ಜಾಗದಲ್ಲಿ, ಬ್ರಾಡ್‌ಬ್ಯಾಂಡ್ ಸಂಪರ್ಕವಿರುವ ಮನೆಯೊಂದರ ಮೇಲೆ ಒಂದೇ ಗೇಟ್‌ವೇ ಹಾಕಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಫಲಕವನ್ನು ನೆಚ್ಚಿಕೊಳ್ಳಬೇಡಿ. ಗೇಟ್‌ವೇಗೆ ಮನೆಯ ಕರೆಂಟೂ ದೊಡ್ಡ ಬ್ಯಾಟರಿಯೂ ಇರಲಿ, ಸಿಡಿಲಿನಿಂದ ರಕ್ಷಣೆಗೆ ಅರ್ಥಿಂಗ್ ಸರಿಯಾಗಿ ಮಾಡಿಸಿರಿ.