ಟ್ಯೂಷನ್ ಆಮೇಲೆ, ಮೊದಲು ರಫ್ ನೋಟ್‌ಬುಕ್

ಎಂಟನೇ ತರಗತಿಯ ಮಗಳು ಓದಲು ಕೂತ 10 ನಿಮಿಷಕ್ಕೇ ಎದ್ದುಬಿಡುತ್ತಾಳೆ, ಇದು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರಬಹುದೇ ಎಂದು ದಾವಣಗೆರೆಯ ತಾಯಿಯೊಬ್ಬರು ಕೇಳಿದ್ದಾರೆ. ಮಾವನವರು ಮೊಬೈಲನ್ನು ದೂರುತ್ತಾರೆ. ಟ್ಯೂಷನ್ ಮೇಷ್ಟ್ರು ಒಂದೊಂದು ತಪ್ಪಿಗೂ 20 ಸಲ ಬರೆಸುತ್ತಾರೆ.

ಅಮ್ಮಾ, ಪತ್ರದ ಕೊನೆಯಲ್ಲಿ ನೀವು ಸುಮ್ಮನೆ ಸೇರಿಸಿದ ಸಾಲೇ ಮುಖ್ಯ: "ನಾನು ಪಾಠ ಓದಿ ಹೇಳಿದರೆ ಬಾಯಲ್ಲಿ ಎಲ್ಲಾ ಉತ್ತರ ಹೇಳ್ತಾಳೆ." ಕೇಳುವಾಗ ನಿಲ್ಲುವ ಗಮನ ಓದುವಾಗ ಮಾತ್ರ ನಿಲ್ಲದಿದ್ದರೆ, ಮೊದಲು ಪರೀಕ್ಷಿಸಬೇಕಾದ್ದು ಓದನ್ನೇ. ಅಕ್ಷರ ಕೂಡಿಸುವುದರಲ್ಲೇ ದಣಿದ ಮಗು ಎದ್ದು ಹೋಗದೆ ಏನು ಮಾಡೀತು? ಎಡಿಎಚ್‌ಡಿ ಎನ್ನಲು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಮನೆ ಶಾಲೆ ಎರಡೂ ಕಡೆ ಇರಬೇಕು. ಕೆಲವು ಮಕ್ಕಳಿಗೆ ಓದಿನ ತೊಂದರೆ, ಎಡಿಎಚ್‌ಡಿ ಎರಡೂ ಇರುತ್ತವೆ, ಹಾಗಾಗಿ ಎರಡನ್ನೂ ನೋಡಿಸಿ.

ಮೊದಲು ಕಣ್ಣು, ಕಿವಿ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಐಕ್ಯೂ ಜೊತೆಗೆ ಓದು, ಉಕ್ತಲೇಖನ, ಲೆಕ್ಕವನ್ನು ತರಗತಿವಾರು ಮಟ್ಟದಲ್ಲಿ ಪರೀಕ್ಷಿಸಬೇಕು. ಓದು ಬರಹವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ನೋಡಬೇಕು. ನಿಮಗೂ ಕ್ಲಾಸ್ ಟೀಚರಿಗೂ ಪ್ರಶ್ನಾವಳಿ ಕೊಡಬೇಕು. ಬರೀ ಐಕ್ಯೂ ನೋಡಿ ವರದಿ ಬರೆದರೆ ಒಪ್ಪಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ; ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವಾಗ ಅವಳ ರಫ್ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಬೋರ್ಡ್ ನೋಡಿ ನಕಲು ಮಾಡಿದ ಫೇರ್ ನೋಟ್ಸ್‌ನಿಂದ ಏನೂ ತಿಳಿಯುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾಗುವುದು ನಮ್ಮಲ್ಲಿ ಬಹಳ ಮಕ್ಕಳಿಗೆ ಇದ್ದದ್ದೇ. ಆದರೆ 'ವಿದ್ಯಾರ್ಥಿ' ಒಂದೇ ಪುಟದಲ್ಲಿ 'ವಿದಾರ್ತಿ', 'ವಿದ್ಯಾತಿ', 'ವಿಧಾರಿ' ಎಂದು ಮೂರು ರೂಪದಲ್ಲಿದ್ದರೆ ಅದನ್ನು ಅಜಾಗ್ರತೆ ಎಂದು ತಳ್ಳಿಹಾಕುವಂತಿಲ್ಲ.

ಮುಂದೂಡಬೇಡಿ. ಓದು ಬರಹದ ಇಂಥ ತೊಂದರೆ ಕಲಿಕಾ ನ್ಯೂನತೆ ಎಂದು ಖಚಿತವಾದರೆ, ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಬೇಕಾದರೆ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು.

ಮೊಬೈಲ್ ಮಾತು ಆಮೇಲೆ ನೋಡೋಣ. ನನ್ನ ಸಿಟ್ಟು ಮೇಷ್ಟ್ರ ಮೇಲೆ. ತಪ್ಪನ್ನು 20 ಸಲ ಬರೆದರೆ ಓದು ಬರುವುದಿಲ್ಲ, ಪುಸ್ತಕದ ಮೇಲೆ ಹೇಸಿಗೆ ಬರುತ್ತದೆ. ಅದನ್ನು ನಿಲ್ಲಿಸಿ ಎಂದು ಇವತ್ತೇ ಹೇಳಿ. ಒಪ್ಪದಿದ್ದರೆ ಟ್ಯೂಷನ್ ಬಿಡಿಸಿ.