ಬಾಗಲಕೋಟೆ ನವನಗರದಲ್ಲಿ ಮನೆಯಿಂದ ಕೆಲಸ: ಫೈಬರ್, ಏರ್‌ಫೈಬರ್, ಕೇಬಲ್‌ನವರ ನೆಟ್ – ಯಾವುದು ತಗೊಳ್ಳಲಿ?

ನವನಗರದಲ್ಲಿ ಬಾಡಿಗೆ ಮನೆ, ಗಂಡ-ಹೆಂಡತಿ ಇಬ್ಬರಿಗೂ ಮನೆಯಿಂದಲೇ ಕೆಲಸ, ದಿನವಿಡೀ ವಿಡಿಯೊ ಕಾಲ್, ಸಂಜೆ ಮಗಳ ಆನ್‌ಲೈನ್ ಕ್ಲಾಸ್. ಇದಕ್ಕೆ ಯಾವ ನೆಟ್ ಸರಿ ಅಂತ ಕೇಳಿದ್ದೀರಿ. ನಾನು ವಿದ್ಯಾಗಿರಿಯಲ್ಲಿದ್ದೇನೆ. ಅಂಗಡಿ, ಕ್ಲಿನಿಕ್, ಮನೆಗಳಿಗೆ ನೆಟ್‌ವರ್ಕ್ ಹಾಕಿಕೊಡುವುದೇ ನನ್ನ ಕಸುಬು. ನಿಮಗೆ ಬೇಕಾಗಿರುವುದು ಫೈಬರ್, ಅಂದರೆ ಗಾಜಿನ ಎಳೆಯ ಲೈನ್. ಆದರೆ ಯಾವ ಕಂಪನಿಯ ಫೈಬರ್ ಅನ್ನುವುದನ್ನು ಜಾಹೀರಾತು ನೋಡಿ ತೀರ್ಮಾನ ಮಾಡಬೇಡಿ. ಲೈನ್ ಕೆಟ್ಟಾಗ ನಿಮ್ಮ ಓಣಿಗೆ ಯಾರ ಹುಡುಗ ಬೇಗ ಬರುತ್ತಾನೋ ಅವರದನ್ನು ತಗೊಳ್ಳಿ.

ಎಲ್ಲರೂ ಮೊದಲು ಸ್ಪೀಡ್ ಕೇಳುತ್ತಾರೆ. 100 ಎಂಬಿಪಿಎಸ್, 300 ಎಂಬಿಪಿಎಸ್ ಅಂತ. ನಿಜ ಹೇಳಬೇಕೆಂದರೆ ನಿಮ್ಮ ಮನೆಗೆ ಅಷ್ಟು ಬೇಕಾಗುವುದೇ ಇಲ್ಲ. ಒಂದು ಎಚ್‌ಡಿ ವಿಡಿಯೊ ಕಾಲ್‌ಗೆ 3–4 ಎಂಬಿಪಿಎಸ್ ಸಾಕು. ಟಿವಿಯಲ್ಲಿ 4ಕೆ ಸಿನಿಮಾ ಹಾಕಿದರೆ ಸುಮಾರು 15. ಮೂವರೂ ಒಟ್ಟಿಗೆ ಕೂತರೂ 50ರ ಒಳಗೇ ಮುಗಿಯುತ್ತದೆ. ಇನ್ನೊಂದು, ಎಂಬಿಪಿಎಸ್ ಅಂದರೆ ಮೆಗಾಬಿಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್. 100ರ ಪ್ಲಾನ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಡೌನ್‌ಲೋಡ್ ಆದರೆ ಅದು ಪೂರ್ತಿ ಸ್ಪೀಡೇ, ಯಾರೂ ಮೋಸ ಮಾಡಿಲ್ಲ.

ನೀವು ನೋಡಬೇಕಾದದ್ದು ಅಪ್‌ಲೋಡ್. ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ, ನಿಮ್ಮ ದನಿ ಆ ಕಡೆ ಹೋಗಬೇಕಲ್ವಾ? ಮನೆಯ ಫೈಬರ್ ಪ್ಲಾನ್‌ಗಳಲ್ಲಿ ಅಪ್‌ಲೋಡನ್ನೂ ಡೌನ್‌ಲೋಡ್‌ನಷ್ಟೇ ಕೊಡುವುದು ಜಾಸ್ತಿ. ಲೈನ್ ಎಳೆಯದೆ ಮೊಬೈಲ್ ಟವರ್‌ನಿಂದ 5ಜಿ ಮೇಲೆ ನಡೆಯುವ ಏರ್‌ಫೈಬರ್‌ನಲ್ಲಿ ಹಾಗಲ್ಲ. ಟವರ್ ತನ್ನ ಸಮಯದ ಹೆಚ್ಚಿನ ಪಾಲನ್ನು ಡೌನ್‌ಲೋಡ್‌ಗೇ ಇಟ್ಟಿರುತ್ತದೆ, ಅಪ್‌ಲೋಡ್‌ಗೆ ಉಳಿಯುವುದು ಕಡಿಮೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮೀಟಿಂಗ್‌ನಲ್ಲಿ ಕೂರುವವರಿಗೆ ಗೊತ್ತಾಗುತ್ತದೆ.

ಫೈಬರ್ ಒಳಗೆ ಹೋಗುವುದು ಬೆಳಕು. ಆಪರೇಟರ್ ಕಡೆಯಿಂದ ಬರುವ ಒಂದು ಎಳೆಯನ್ನು ಕಂಬದ ಮೇಲಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸಾಮಾನ್ಯವಾಗಿ ಹಾಕುವ ಜಿಪಾನ್ ತಂತ್ರಜ್ಞಾನದಲ್ಲಿ ಆ ಒಂದು ಎಳೆಗೆ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಅದರ ಅರ್ಧ. 20 ಕಿಲೋಮೀಟರ್ ದೂರದವರೆಗೂ ನಡೆಯುತ್ತದೆ. ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಹೀಗಿರಲಿಲ್ಲ. ಎಕ್ಸ್‌ಚೇಂಜ್ ಪಕ್ಕದ ಮನೆಗೆ ಗರಿಷ್ಠ 24 ಎಂಬಿಪಿಎಸ್, ದೂರ ಹೋದಷ್ಟೂ ಇಳಿಮುಖ. ಅದನ್ನು ಈಗ ಯಾರಾದರೂ ಕೊಡುತ್ತೇವೆ ಅಂದರೂ ಬೇಡ ಅನ್ನಿ. ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಿಂದಾಗಿ ಹುಟ್ಟಿದ ನಮ್ಮ ನವನಗರಕ್ಕೆ ಅಗಲ ರಸ್ತೆ, ಸೆಕ್ಟರ್ ಲೆಕ್ಕದ ಓಣಿಗಳಿವೆ. ಹಳೇ ಊರಿನ ಸಂದಿಗಳಿಗಿಂತ ಇಲ್ಲಿ ಫೈಬರ್ ಎಳೆಯುವುದು ಸುಲಭ.

ಫೈಬರ್ ಕೆಡುವುದು ಹೇಗೆ ಅಂತ ತಿಳಿದಿರಲಿ. ಫೈಬರ್ ಬಂದು ಸೇರುವ ಮನೆಯ ಡಬ್ಬಿಯ ಮೇಲೆ ಎಲ್‌ಒಎಸ್ ಅನ್ನುವ ಪುಟ್ಟ ದೀಪ ಇರುತ್ತದೆ. ಅದು ಕೆಂಪಾದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ರೂಟರ್ ಆಫ್-ಆನ್ ಮಾಡುತ್ತಾ ಕೂತರೆ ಏನೂ ಆಗುವುದಿಲ್ಲ, ಸೀದಾ ಫೋನ್ ಮಾಡಿ. ಹುಡುಗ ಬಂದು ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿದಾಗ ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿದರೆ ಲೈನ್ ಚೆನ್ನಾಗಿದೆ. ಮೈನಸ್ 27 ದಾಟಿದರೆ ನೆಟ್ ಬಂದು ಬಂದು ಹೋಗುತ್ತದೆ. ಒಂದು ಮನೆಯಲ್ಲಿ ದಿನಾ ಮಧ್ಯಾಹ್ನ ನೆಟ್ ಬಿಡುತ್ತಿತ್ತು. ನೋಡಿದರೆ ಫೈಬರ್‌ನ ಹಳದಿ ವೈರು ತಿಜೋರಿಯ ಹಿಂದೆ ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ತಿಜೋರಿ ನಾಲ್ಕು ಬೆರಳು ಮುಂದೆ ಸರಿಸಿದ ಕೂಡಲೇ ಮೀಟರ್ ಮೈನಸ್ 29ರಿಂದ 21ಕ್ಕೆ ಬಂತು. ಫೈಬರನ್ನು ಬಳೆಗಿಂತ ಸಣ್ಣ ಸುತ್ತು ಸುತ್ತಬಾರದು. ಬಾಗಿಲ ಚೌಕಟ್ಟಿಗೆ ಸಿಕ್ಕಿಸಿ ಮೊಳೆ ಹೊಡೆಯಲೂ ಬಿಡಬೇಡಿ. ಹೊರಗಿನ ಕಾಟ ಬೇರೆ: ರಸ್ತೆ ಅಗೆಯುವ ಜೆಸಿಬಿ, ಅಳಿಲು, ಬಾದಾಮಿ ಕಡೆಯಾದರೆ ವೈರಿಗೆ ಜೋತುಬೀಳುವ ಮಂಗಗಳು. ಆವಾಗಲೇ ಬೇಗ ಬರುವ ಹುಡುಗ ಮುಖ್ಯವಾಗುವುದು.

ಕೇಬಲ್‌ನವರ ನೆಟ್ ಅಂದರೆ ಕೀಳು ಅಂತ ತಿಳಿಯಬೇಡಿ. ಆತ ಅದೇ ಏರಿಯಾದವನು, ರಾತ್ರಿ ಎಂಟಕ್ಕೂ ಫೋನ್ ಎತ್ತುತ್ತಾನೆ, ‘ಬೆಳಿಗ್ಗೆ ಬರ್ತೀನ್ರಿ ಸರ’ ಅಂದರೆ ಬರುತ್ತಾನೆ. ದೊಡ್ಡ ಕಂಪನಿಯಲ್ಲಿ ಕೆಲವು ಸಲ ಬರೀ ದೂರಿನ ನಂಬರ್ ಸಿಗುತ್ತದೆ. ಆದರೆ ಅವನನ್ನು ಒಂದು ಮಾತು ಕೇಳಲೇಬೇಕು: ಮನೆಯೊಳಗೆ ಬರುವುದು ಫೈಬರ್ರಾ, ಲ್ಯಾನ್ ವೈರಾ? ಕೆಲವರು ಕಂಬದವರೆಗೆ ಫೈಬರ್ ತಂದು ಅಲ್ಲಿಂದ ಲ್ಯಾನ್ ವೈರ್ ಎಳೆಯುತ್ತಾರೆ. ಅದು ತಾಮ್ರ, 100 ಮೀಟರ್ ದಾಟಿದರೆ ಭರವಸೆ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲಿನ ಮಳೆ ಬಂದಾಗ ಆ ವೈರಿನಿಂದಲೇ ರೂಟರ್ ಸುಟ್ಟುಹೋಗುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಫೈಬರ್ ಜೊತೆ ಆಧಾರಕ್ಕೆ ಕಬ್ಬಿಣದ ತಂತಿ ಇದ್ದರೆ ಅದನ್ನು ಮಾತ್ರ ಹೊರಗಿನ ಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ.

ಕರೆಂಟ್ ಹೋದಾಗಲೂ ಇದೇ ವ್ಯತ್ಯಾಸ. ಮನೆಮನೆಗೆ ಲ್ಯಾನ್ ವೈರ್ ಹಂಚುವ ಕಂಬದ ಡಬ್ಬಿಗೆ (ಲ್ಯಾನ್ ಸ್ವಿಚ್) ಯಾರದೋ ಮನೆಯಿಂದ ಕರೆಂಟ್ ಕೊಟ್ಟಿರುತ್ತಾರೆ. ಆ ಮನೆಯಲ್ಲಿ ಹೋದರೆ ಓಣಿಗೇ ನೆಟ್ ಇಲ್ಲ. ಫೈಬರ್‌ನ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಆಪರೇಟರ್ ಕಡೆ ಬ್ಯಾಟರಿ ಇದ್ದು, ನಿಮ್ಮ ಡಬ್ಬಿಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದರೆ ಇಡೀ ಸೆಕ್ಟರ್ ಕತ್ತಲಾದರೂ ನಿಮ್ಮ ಮೀಟಿಂಗ್ ನಡೆಯುತ್ತದೆ. ಮನೆಯಿಂದ ಕೆಲಸ ಮಾಡುವವರು ಮೊದಲ ದಿನವೇ ಇದನ್ನು ತಂದಿಡಬೇಕು.

ಏರ್‌ಫೈಬರನ್ನು ಏರ್‌ಟೆಲ್, ಜಿಯೊ ಎರಡೂ ಶುರು ಮಾಡಿದ್ದು 2023ರಲ್ಲಿ. ಮಾಳಿಗೆ ಮೇಲೆ ಒಂದು ಡಬ್ಬಿ ಟವರ್ ಕಡೆ ಮುಖಮಾಡಿ ಕೂರುತ್ತದೆ, ಅಲ್ಲಿಂದ ಒಂದು ವೈರ್ ಕೆಳಗೆ. ಮನೆ ಮಾಲೀಕರು ಗೋಡೆ ಕೊರೆಯಲು ಒಪ್ಪದಿದ್ದರೆ, ಆರು ತಿಂಗಳಲ್ಲಿ ಮನೆ ಬದಲಿಸುವುದಿದ್ದರೆ, ಊರಾಚೆ ತೋಟದ ಮನೆಯಾದರೆ ಇದು ಬಹಳ ಅನುಕೂಲ. ಆದರೆ ಅದೇ ಟವರನ್ನು ಸುತ್ತಲಿನ ಮೊಬೈಲ್‌ಗಳೂ ಬಳಸುತ್ತವೆ, ರಾತ್ರಿ ಎಂಟರಿಂದ ಹತ್ತಕ್ಕೆ ಸ್ಪೀಡ್ ಕುಗ್ಗಬಹುದು. ತಗೊಳ್ಳುವ ಮುಂಚೆ ಅದೇ ಕಂಪನಿಯ ಸಿಮ್ ಇರುವ 5ಜಿ ಮೊಬೈಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮಾಳಿಗೆ ಹತ್ತಿ. ಅಲ್ಲಿ ಅಪ್‌ಲೋಡ್ ಎಷ್ಟು ಬರುತ್ತೆ ನೋಡಿ. ಅನ್‌ಲಿಮಿಟೆಡ್ ಅಂದರೂ ಮಿತಿ ಇದ್ದೇ ಇರುತ್ತದೆ: ಜಿಯೊದಲ್ಲಿ ಫೈಬರ್‌ಗೆ ತಿಂಗಳಿಗೆ 3300 ಜಿಬಿ ಇದ್ದರೆ ಏರ್‌ಫೈಬರ್‌ಗೆ 1000 ಜಿಬಿ.

ಉಪಗ್ರಹದ ನೆಟ್ ನಿಮಗೆ ಬೇಡ. ಹಳೇ ಪದ್ಧತಿಯ ಉಪಗ್ರಹ 35,786 ಕಿಲೋಮೀಟರ್ ಮೇಲಿರುತ್ತದೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ, ಕಾಲ್‌ನಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತೀರಿ.

ಲೈನ್ ಎಷ್ಟೇ ಚೆನ್ನಾಗಿದ್ದರೂ ವೈಫೈ ಗೋಡೆ ದಾಟಬೇಕು. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಹಳೇ ಊರಿನ ಕಲ್ಲಿನ ಗೋಡೆಯಾದರೆ ಒಂದು ಕೋಣೆಗೇ ಸುಸ್ತು. ಡಬ್ಬಿಯನ್ನು ಬಾಗಿಲ ಮೂಲೆಯಲ್ಲಿ ಕೂರಿಸಲು ಬಿಡಬೇಡಿ, ಮನೆಯ ನಡುಭಾಗಕ್ಕೆ ಎಳೆಸಿಕೊಳ್ಳಿ. ಕೆಲಸದ ಲ್ಯಾಪ್‌ಟಾಪ್‌ಗಳಿಗೆ ಸಾಧ್ಯವಾದರೆ ಲ್ಯಾನ್ ವೈರನ್ನೇ ಹಾಕಿ.

ಬಾಡಿಗೆ ಮನೆಯಾದ್ದರಿಂದ ಮೊದಲು ತಿಂಗಳ ಪ್ಲಾನ್ ಹಾಕಿಸಿ, ವರ್ಷದ್ದು ಆಮೇಲೆ ನೋಡೋಣ. ಹೇಳಿದ ರೇಟಿನ ಮೇಲೆ 18% ಜಿಎಸ್‌ಟಿ ಬೇರೆ ಇದೆಯಾ, ಡಬ್ಬಿಯ ಡೆಪಾಸಿಟ್ ವಾಪಸ್ ಬರುತ್ತಾ, ಕೇಳಿಕೊಳ್ಳಿ. ಎಡಬಲದ ಮನೆಯವರನ್ನು ವಿಚಾರಿಸುವಾಗ ‘ಸ್ಪೀಡ್ ಹೆಂಗಿದೆ’ ಅನ್ನಬೇಡಿ, ‘ಹಿಂದಿನ ಸಲ ಕೆಟ್ಟಾಗ ಎಷ್ಟು ಹೊತ್ತಿಗೆ ಸರಿ ಮಾಡಿದರು’ ಅಂತ ಕೇಳಿ. ಯಾವ ಸೆಕ್ಟರ್ ಅಂತ ತಿಳಿಸಿದರೆ ಅಲ್ಲಿ ಯಾರ್ಯಾರ ಲೈನ್ ಇದೆ ಅಂತ ನಾನೂ ವಿಚಾರಿಸಿ ಹೇಳುತ್ತೇನೆ.