ರೊಕ್ಕ ಕೇಳುವುದಕ್ಕೂ ಒಂದು ಹೊತ್ತಿದೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಹೊರದೇಶದ ಸಮ್ಮೇಳನಕ್ಕೆ ಆಯ್ಕೆಯಾಗಿದ್ದೇನೆ, ರೊಕ್ಕ ಯಾರು ಕೊಡುತ್ತಾರೆ? ಕೇಳುವುದು ತಪ್ಪಲ್ಲ. ಆದರೆ ಹತ್ತರಲ್ಲಿ ಒಂಬತ್ತು ಪತ್ರ ಕಾಲ ಮೀರಿದ ಮೇಲೆ ಬರುತ್ತವೆ. ನನಗೆ ಸಿಟ್ಟು ಬರುವುದು ಅದಕ್ಕೆ. ಬೆಳಗಾವಿಯಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಕಲಿಸಿದ್ದೇನೆ. ಪ್ರವಾಸ ನೆರವಿನ ಅರ್ಜಿಗಳನ್ನು ಆರಿಸುವ ಸಮಿತಿಗಳಲ್ಲೂ ಕೂತಿದ್ದೇನೆ. ಅಬ್‌ಸ್ಟ್ರ್ಯಾಕ್ಟ್ (ಕೆಲಸದ ಸಾರಾಂಶ) ಬರೆಯುವುದು ಹೇಗೆ, ಪೋಸ್ಟರ್ (ಕೆಲಸವನ್ನು ತೋರಿಸುವ ದೊಡ್ಡ ಹಾಳೆ) ಮಾಡುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಗೈಡ್ ಕೆಲಸ.

*ಸರ್, ನಾನು ವಿಜಯಪುರದವನು, ಪಿಎಚ್‌ಡಿ ಮೂರನೇ ವರ್ಷ. ಫೆಲೋಶಿಪ್ ಇಲ್ಲ. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಪದರ ಪದರದ ವಸ್ತುವಿನ ಮೇಲೆ ಕೆಲಸ. ಯುರೋಪಿನಲ್ಲಿ ನಡೆಯುವ ಎರಡು ಆಯಾಮದ ವಸ್ತುಗಳ (ಅಂದರೆ ಒಂದೆರಡು ಪದರದಷ್ಟೇ ತೆಳುವಾದ ವಸ್ತುಗಳ) ಸಮ್ಮೇಳನಕ್ಕೆ ನನ್ನ ಪೋಸ್ಟರ್ ಆಯ್ಕೆಯಾಗಿದೆ. ಇನ್ನು ಐದು ವಾರ ಇದೆ. ನೋಂದಣಿಗೆ ಹನ್ನೆರಡೇ ದಿನ. ಲೆಕ್ಕ ಹಾಕಿದರೆ ಎರಡು ಲಕ್ಷ ದಾಟುತ್ತದೆ. ಕಾಲೇಜಿನಲ್ಲಿ ರೊಕ್ಕ ಇಲ್ಲ ಅಂದರು. ಪೋಸ್ಟರಿಗೆ ಯಾರೂ ಕೊಡಲ್ಲ, ವಶೀಲಿ ಬೇಕು ಅಂತಾರೆ. ಅವ್ವ ತನ್ನ ಬಂಗಾರ ಅಡ ಇಟ್ಟು ಹೋಗು ಅಂತಿದ್ದಾಳೆ. ಏನು ಮಾಡಲಿ?*

ಮೊದಲನೆಯದು, ಅವ್ವನ ಬಂಗಾರ ಮುಟ್ಟಬೇಡಿ ತಮ್ಮಾ. ಯಾವ ಸಮ್ಮೇಳನವೂ ಅಷ್ಟು ದೊಡ್ಡದಲ್ಲ.

ಎರಡನೆಯದು, ನೋಂದಣಿ ಶುಲ್ಕ ಇವತ್ತೇ ಕಟ್ಟಬೇಡಿ. ಇವತ್ತು ಸಂಜೆಯೊಳಗೆ ಸಂಘಟಕರಿಗೆ ಒಂದು ಮೇಲ್ ಬರೆಯಿರಿ. ನಾನು ವಿದ್ಯಾರ್ಥಿ, ಪೋಸ್ಟರ್ ಆಯ್ಕೆಯಾಗಿದೆ, ಫೆಲೋಶಿಪ್ ಇಲ್ಲ, ಶುಲ್ಕ ಬಿಡಲು ಅಥವಾ ವಸತಿ ಕೊಡಲು ಆಗುತ್ತದೆಯೇ? ಇಷ್ಟೇ ಸಾಕು. ನಮ್ಮ ಹುಡುಗರು ದಿಲ್ಲಿಯ ಬಾಗಿಲು ಬಡಿಯುತ್ತಾರೆ, ಸಂಘಟಕರನ್ನು ಮಾತ್ರ ಕೇಳುವುದಿಲ್ಲ. ಒಳ್ಳೆಯ ಸಮ್ಮೇಳನಗಳು ಹೊಸ ಸಂಶೋಧಕರಿಗೆಂದೇ ಒಂದಿಷ್ಟು ಹಣ ಬೇರೆ ತೆಗೆದಿಟ್ಟಿರುತ್ತವೆ. ಅದು ಪತ್ರಿಕೆ ನಡೆಸುವವರಿಂದ, ಉಪಕರಣ ಮಾರುವವರಿಂದ, ವಿಜ್ಞಾನ ಸಂಸ್ಥೆಗಳಿಂದ ಬಂದ ಹಣ. ಅದಕ್ಕೆ ಅರ್ಜಿ ಹಾಕುವ ಜಾಗ ಹೆಚ್ಚಾಗಿ ಅಬ್‌ಸ್ಟ್ರ್ಯಾಕ್ಟ್ ಕಳಿಸುವ ಫಾರ್ಮ್‌ನಲ್ಲೇ ಇರುತ್ತದೆ. ನೀವು ಆ ಚೌಕಕ್ಕೆ ಟಿಕ್ ಹಾಕದೆ ಮುಂದೆ ಹೋಗಿರುತ್ತೀರಿ. ಆದರೂ ಈಗ ಕೇಳಿ. ವೀಸಾ ಸಿಗದೆ ಯಾರಾದರೂ ಹಿಂದೆ ಸರಿದರೆ ಆ ಪಾಲು ಉಳಿಯುತ್ತದೆ. ಶುಲ್ಕ ಕಟ್ಟಿದ ಮೇಲೆ ಕೇಳಿದರೆ ಅವರಿಗೆ ನಿಮ್ಮ ಹತ್ತಿರ ರೊಕ್ಕ ಇದೆ ಎಂದೇ ಅನಿಸುತ್ತದೆ, ಅಲ್ವಾ?

ನಮ್ಮ ದೇಶದ ಕಡೆಯಿಂದ ಐಟಿಎಸ್ ಎಂಬ ಪ್ರವಾಸ ನೆರವು ಇದೆ. ಮೊದಲು ಸಂಶೋಧನೆಗೆ ರೊಕ್ಕ ಕೊಡುವ ಕೇಂದ್ರ ಸರ್ಕಾರದ ಮಂಡಳಿ ಸೆರ್ಬ್ ಅದನ್ನು ನಡೆಸುತ್ತಿತ್ತು. ಸೆರ್ಬ್ ಈಗ ಎಎನ್‌ಆರ್‌ಎಫ್ ಎಂಬ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಒಳಗೆ ಸೇರಿದೆ. 35 ದಾಟದ ಯುವ ವಿಜ್ಞಾನಿಗಳಿಗೆ ವಿಮಾನದ ಸಾದಾ ದರ್ಜೆ, ವೀಸಾ, ನೋಂದಣಿ, ಇಷ್ಟು ಸಿಗುತ್ತದೆ. ಊಟ, ವಸತಿ ನಿಮ್ಮದೇ. ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಕೂಡ ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರವಾಸ ನೆರವು ಕೊಡುತ್ತದೆ. ಆದರೆ ಐದು ವಾರದಲ್ಲಿ ಇದು ಯಾವುದೂ ಆಗುವುದಿಲ್ಲ. ಅರ್ಜಿಗೆ ಕಾಲೇಜಿನ ಮುಖ್ಯಸ್ಥರ ಸಹಿ ಬೇಕು. ನಮ್ಮ ಕಡೆ ಆ ಒಂದು ಸಹಿಗೇ ಹದಿನೈದು ದಿನ ಹಿಡಿಯುತ್ತದೆ. ಯುರೋಪಿನ ಹಲವು ದೇಶಗಳಿಗೆ ಬೇಕಾಗುವ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಹೊರಡಲು 15 ದಿನ ಇರುವಾಗಲಾದರೂ ಹಾಕಿರಲೇಬೇಕು, ಬೆರಳಚ್ಚು ಕೊಡಲು ದೊಡ್ಡ ಊರಿಗೆ ಹೋಗಬೇಕು. ಪಾಸ್‌ಪೋರ್ಟ್ ಮಾಡಿಸಿದ್ದೀರಾ? ನೀವು ಬರೆದಿಲ್ಲ. ಪಿಎಚ್‌ಡಿಗೆ ಸೇರಿದ ವಾರವೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಇನ್ನು ವಶೀಲಿ. ನಾನು ಕೂತ ಸಮಿತಿಗಳಲ್ಲಿ ಅರ್ಜಿಗಳು ಬಿದ್ದುಹೋದದ್ದು ವಶೀಲಿ ಇಲ್ಲದ್ದಕ್ಕಲ್ಲ. ಆಯ್ಕೆ ಪತ್ರ ಲಗತ್ತಿಸಿರಲಿಲ್ಲ. ಹೋಗುವ ಉದ್ದೇಶ ಬರೆಯುವ ಜಾಗದಲ್ಲಿ 'ಜ್ಞಾನ ಹೆಚ್ಚಿಸಿಕೊಳ್ಳಲು' ಎಂದು ಬರೆದಿದ್ದರು. ಅದನ್ನು ಓದಿದವರಿಗೆ ಏನು ತಿಳಿಯಬೇಕು?

ಆ ಜಾಗದಲ್ಲಿ ಏನು ಬರೆಯಬೇಕು ಎಂಬುದೇ ಮುಖ್ಯ ವಿಷಯ. ಮೊದಲು ನಿಮ್ಮ ವಸ್ತು ನಿಜವಾಗಿಯೂ ಎರಡು ಆಯಾಮದ್ದೇ ಎಂದು ನೋಡಿಕೊಳ್ಳಿ. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ಬೇಯಿಸಿದ ಕಪ್ಪು ಪುಡಿಗೇ ಎರಡು ಆಯಾಮದ ವಸ್ತು ಎಂದು ಹೆಸರಿಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಹೂವಿನ ಹಾಗೆ ಕಾಣುತ್ತದೆ. ಆ ಹೂವಿನ ಒಂದೊಂದು ಎಸಳೂ ಹಲವಾರು ಪದರ ದಪ್ಪ. ಲೇಸರ್ ಬೆಳಕು ಚೆಲ್ಲಿ ನೋಡುವ ರಾಮನ್ ಅಳತೆ ಮಾಡಿ. ಮಾಲಿಬ್ಡಿನಮ್ ಡೈಸಲ್ಫೈಡ್‌ನ ಎರಡು ಮುಖ್ಯ ಶಿಖರಗಳ ನಡುವಿನ ಅಂತರ ಒಂದೇ ಪದರಕ್ಕೆ ಸುಮಾರು 19 ವೇವ್‌ನಂಬರ್ (ಆ ಅಳತೆಯ ಮಾನ), ದಪ್ಪ ಹರಳಿಗೆ ಸುಮಾರು 25. ಆರಿಸುವವರು ಮೊದಲು ನೋಡುವುದು ಅದನ್ನೇ. ಬೆಳಕಿನ ಗುಣವೂ ಪದರದ ಜೊತೆ ಬದಲಾಗುತ್ತದೆ. ದಪ್ಪ ಹರಳು ಬೆಳಕನ್ನು ಸರಿಯಾಗಿ ಹೊರಸೂಸುವುದಿಲ್ಲ, ಒಂದೇ ಪದರವಾದರೆ ಚೆನ್ನಾಗಿ ಹೊಳೆಯುತ್ತದೆ. ಇದು 2010ರಿಂದ ಗೊತ್ತಿರುವ ಸಂಗತಿ. ನಿಮ್ಮದು ಪುಡಿಯಾದರೆ ಪುಡಿ ಎಂದೇ ಬರೆಯಿರಿ. ಗ್ಯಾಸ್ ಸೆನ್ಸರಿಗೆ ಪುಡಿಯೂ ಒಳ್ಳೆಯದೇ. ಆದರೆ ಸುಳ್ಳು ಹೆಸರು ಕೊಟ್ಟರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ಆಮೇಲೆ ಅಲ್ಲಿಂದ ಏನು ತರುತ್ತೀರಿ ಎಂದು ಬರೆಯಿರಿ. ಈ ಕ್ಷೇತ್ರ ಕೈಕೆಲಸದ ಮೇಲೆ ನಿಂತಿದೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೋವ್ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಪದರ ಬಿಡಿಸಿದ್ದು ಅಂಟುಪಟ್ಟಿಯಿಂದ. 2010ರಲ್ಲಿ ನೊಬೆಲ್ ಬಂತು. ಪಟ್ಟಿ ಯಾವ ಬಗೆಯದು, ಎಷ್ಟು ನಿಧಾನ ಎಳೆಯಬೇಕು, ಪದರದ ಮೇಲೆ ಪದರ ಇಡುವಾಗ ಗುಳ್ಳೆ ಬರದ ಹಾಗೆ ಏನು ಮಾಡಬೇಕು, ಇವೆಲ್ಲ ಪ್ರಬಂಧದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ಮಾಡಿದವರ ಬಾಯಿಂದ ಕೇಳಬೇಕು. ಇನ್ನೊಂದು ಮಾತು. ಗ್ರಾಫೀನನ್ನು ಹಾಸಿಡಲು ಬೇಕಾಗುವ ಶುದ್ಧ ಬೋರಾನ್ ನೈಟ್ರೈಡ್ ಹರಳನ್ನು ಜಪಾನಿನ ಸುಕುಬಾದಲ್ಲಿ ತನಿಗುಚಿ ಮತ್ತು ವಟನಾಬೆ ಎಂಬ ಇಬ್ಬರು ಬೆಳೆಸಿ, ಜಗತ್ತಿನ ಎಷ್ಟೋ ಪ್ರಯೋಗಾಲಯಗಳಿಗೆ ಕಳಿಸುತ್ತ ಬಂದಿದ್ದಾರೆ. ಈ ಕ್ಷೇತ್ರದಲ್ಲಿ ಹರಳು ಕೂಡ ಪರಿಚಯದ ಮೇಲೆ ಓಡಾಡುತ್ತದೆ. ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಕೂತ ವಿದ್ಯಾರ್ಥಿಗೆ ಆ ಪರಿಚಯ ಎಲ್ಲಿಂದ ಬರಬೇಕು? ಅವನಿಗೆ ರೊಕ್ಕ ಕೊಡಬೇಕು ಎಂದು ನಾನು ಸಮಿತಿಯಲ್ಲಿ ಹಟ ಹಿಡಿದದ್ದು ಇದೇ ಕಾರಣಕ್ಕೆ. ದೊಡ್ಡ ಸಂಸ್ಥೆಯ ಹುಡುಗನಿಗೆ ಪಕ್ಕದ ಕೋಣೆಯಲ್ಲೇ ಸಿಗುವುದು ನಿಮಗೆ ಸಮ್ಮೇಳನದ ಆ ಕೆಲವೇ ದಿನದಲ್ಲಿ ಸಿಗಬೇಕು. ಯಾವ ಗುಂಪಿನವರನ್ನು ನೋಡುತ್ತೀರಿ, ಏನು ಕೇಳುತ್ತೀರಿ, ಬಂದ ಮೇಲೆ ಯಾವ ಅಳತೆ ಮಾಡುತ್ತೀರಿ, ಅದನ್ನು ಬರೆಯಿರಿ.

ಪೋಸ್ಟರ್ ಕಡಿಮೆ ಎಂಬ ಮಾತೂ ಸುಮ್ನೆ ಹಬ್ಬಿದ್ದು. ಭಾಷಣಕ್ಕೆ ಸಿಗುವುದು ಹತ್ತು ಹನ್ನೆರಡು ನಿಮಿಷ, ಎರಡು ಪ್ರಶ್ನೆ. ಪೋಸ್ಟರ್ ಎದುರು ಎರಡು ತಾಸು ನಿಂತು ಮಾತಾಡಬಹುದು. ಕೆಲವು ನೆರವುಗಳು ಭಾಷಣವೇ ಬೇಕು ಅನ್ನುತ್ತವೆ, ಪ್ರಕಟಣೆ ಓದಿ ನೋಡಿ.

ರೊಕ್ಕ ಮಂಜೂರಾದರೂ ಮೊದಲು ಕೈಯಿಂದ ಹಾಕಬೇಕು, ಬಂದ ಮೇಲೆ ವಾಪಸ್ ಬರುತ್ತದೆ. ಕೇಂದ್ರ ಸರ್ಕಾರದ ರೊಕ್ಕವಾದರೆ ಟಿಕೆಟ್ ತೆಗೆಯಲು ಗೊತ್ತುಮಾಡಿದ ಏಜೆನ್ಸಿಗಳಿವೆ: ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್, ಐಆರ್‌ಸಿಟಿಸಿ. ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಅಗ್ಗದ ಟಿಕೆಟ್ ಸಿಕ್ಕಿತೆಂದು ತೆಗೆದುಬಿಟ್ಟ. ಬಿಲ್ಲು ಪಾಸಾಗಲಿಲ್ಲ. ಎಂಟು ತಿಂಗಳು ಅಲೆದ. ಬೋರ್ಡಿಂಗ್ ಪಾಸನ್ನೂ ಎಸೆಯಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ಸಂಘಟಕರಿಂದ ದೊಡ್ಡ ಪಾಲು ಬರದಿದ್ದರೆ ಈ ವರ್ಷ ಬಿಡಿ. ಪೋಸ್ಟರ್ ಹಿಂತೆಗೆದುಕೊಳ್ಳುತ್ತೇನೆ ಎಂದು ಮರ್ಯಾದೆಯಿಂದ ತಿಳಿಸಿ. ಅಷ್ಟರಲ್ಲಿ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಕೆಲಸ ಮಾಡಲು ಐಎನ್‌ಯುಪಿ ಯೋಜನೆಗೆ ಅರ್ಜಿ ಹಾಕಿ. ಹೊರಗಿನ ಕಾಲೇಜಿನವರಿಗಾಗಿಯೇ ಕೇಂದ್ರ ಸರ್ಕಾರ ಅದಕ್ಕೆ ರೊಕ್ಕ ಕೊಡುತ್ತದೆ. ಮುಂದಿನ ವರ್ಷ ಇಟಲಿಯ ಟ್ರಿಯೆಸ್ಟೆಯ ಐಸಿಟಿಪಿ ಎಂಬ ಭೌತಶಾಸ್ತ್ರ ಕೇಂದ್ರದ ಕಾರ್ಯಕ್ರಮಗಳನ್ನು ನೋಡಿ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಅದನ್ನು ಕಟ್ಟಿದ್ದೇ ನಮ್ಮಂಥ ದೇಶಗಳವರಿಗಾಗಿ. ನೋಂದಣಿ ಶುಲ್ಕ ಇಲ್ಲ, ಕೆಲವರಿಗೆ ಪ್ರವಾಸದ ಖರ್ಚೂ ಸಿಗುತ್ತದೆ.

*'ಗೌರವಾನ್ವಿತ ಪ್ರೊಫೆಸರ್' ಎಂದು ಕರೆದು ದುಬೈ ಸಮ್ಮೇಳನಕ್ಕೆ ಮುಖ್ಯ ಭಾಷಣಕಾರರಾಗಿ ಬನ್ನಿ ಎಂಬ ಮೇಲ್ ಬಂದಿದೆ. ಹೋಗಲೇ? (ಎಂಎಸ್ಸಿ ವಿದ್ಯಾರ್ಥಿ, ಗೋಕಾಕ)*

ಬೇಡ. ಇದು ಶುಲ್ಕ ಕೀಳುವ ಬಲೆ. ಹೈದರಾಬಾದ್ ಮೂಲದ ಒಮಿಕ್ಸ್ ಎಂಬ ಪ್ರಕಾಶನ ಕಂಪನಿ ಪ್ರಸಿದ್ಧರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹಾಕಿಕೊಂಡು ಇಂಥ ಸಮ್ಮೇಳನ ನಡೆಸಿದ್ದಕ್ಕೂ ಸೇರಿಸಿ, 2019ರಲ್ಲಿ ಅಮೆರಿಕದ ಕೋರ್ಟು 5 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟಲು ಆದೇಶಿಸಿತ್ತು.

*ಒಬ್ಬ ಏಜೆಂಟ್ 40 ಸಾವಿರಕ್ಕೆ ಆಹ್ವಾನ ಪತ್ರ, ಸರ್ಟಿಫಿಕೇಟ್, ವೀಸಾ ಎಲ್ಲ ಮಾಡಿಕೊಡುತ್ತೇನೆ ಅಂತಾನೆ.*

ಅವನ ನಂಬರ್ ಅಳಿಸಿ. ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಮುಂದೆ ನಿಜವಾದ ಕಾಗದಕ್ಕೂ ವೀಸಾ ಸಿಗುವುದು ಕಷ್ಟ.

*ಆನ್‌ಲೈನ್‌ನಲ್ಲಿ ಪೇಪರ್ ಓದಿದರೆ ಹೋದಷ್ಟೇ ಲಾಭ ಅಲ್ವಾ?*

ಅಲ್ಲ.

*ನಾನು ಬಾಗಲಕೋಟೆಯವಳು. ಪಿಎಚ್‌ಡಿ ಆಗಿ ಐದು ವರ್ಷ. ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದೆ. ನನಗೆ 36. ಇನ್ನು ಹೊಸ ಸಂಶೋಧಕರ ನೆರವು ಸಿಗುವುದಿಲ್ಲವೇ?*

ತಂಗಿ, ಎಲ್ಲರೂ ವಯಸ್ಸನ್ನೇ ಎಣಿಸುವುದಿಲ್ಲ. ಹೊರದೇಶದ ಹಲವು ನೆರವುಗಳು ಪಿಎಚ್‌ಡಿ ಆದ ವರ್ಷದಿಂದ ಲೆಕ್ಕ ಹಾಕುತ್ತವೆ, ಮಗುವಿಗಾಗಿ ಬಿಟ್ಟ ಕಾಲವನ್ನು ಕಳೆಯುತ್ತವೆ. ಆದರೆ ನೀವು ಬರೆದರೆ ಮಾತ್ರ. ಮುಚ್ಚಿಡಬೇಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ದಿನಾಂಕ ಹಾಕಿ ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. ಮಗುವನ್ನು ಜೊತೆಗೆ ಕರೆದೊಯ್ಯಬೇಕಾದರೆ ನೋಡಿಕೊಳ್ಳುವವರ ಖರ್ಚು ಕೊಡುತ್ತೀರಾ ಎಂದು ಸಂಘಟಕರನ್ನು ಕೇಳಿ. ಕೆಲವು ಸಮ್ಮೇಳನಗಳು ಅದಕ್ಕೂ ಹಣ ಇಟ್ಟಿರುತ್ತವೆ.